ವಸಡು ಸರಿದ ಚರಿತ್ರೆ

ಪೋಸ್ಟ್ 1/9
ಹಲ್ಲು ಉದ್ದ ಆಗಲಿಲ್ಲ, ವಸಡು ಗಿಡ್ಡ ಆಯ್ತು

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ." ಈ ಗಾದೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಗಾದೆ ಹೇಳೋದು ಅದೃಷ್ಟದ ಬಗ್ಗೆ. ಆದರೆ ಅದರೊಳಗೆ ಇನ್ನೊಂದು ನಂಬಿಕೆ ಸದ್ದಿಲ್ಲದೆ ಕೂತಿದೆ: ವಯಸ್ಸಾದ ಮೇಲೆ ಹಲ್ಲು ಹೋಗಲೇಬೇಕು, ಕೂದಲು ಬೆಳ್ಳಗಾದ ಹಾಗೆ. ಈ ಒಂಬತ್ತು ಪೋಸ್ಟ್‌ಗಳಲ್ಲಿ ನಾವು ನೋಡೋದು ಆ ನಂಬಿಕೆಯ ಚರಿತ್ರೆ. ಯುದ್ಧ, ರಾಜ, ಒಪ್ಪಂದ ಎಲ್ಲ ಪಠ್ಯಪುಸ್ತಕದಲ್ಲಿ ಸಿಗುತ್ತೆ. ಬಾಯೊಳಗಿನ ಚರಿತ್ರೆ ಸಿಗಲ್ಲ.

ಮೊದಲು ವಿಷಯ ಏನು ಅಂತ ತಿಳ್ಕೊಳ್ಳಿ. ಹಲ್ಲಿಗೆ ಎರಡು ಭಾಗ. ಹೊರಗೆ ಕಾಣೋ ಭಾಗಕ್ಕೆ ಎನಾಮೆಲ್ ಹೊದಿಕೆ ಇರುತ್ತೆ, ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು ಅದು. ಒಳಗಿರೋ ಬೇರಿಗೆ ಆ ಹೊದಿಕೆ ಇಲ್ಲ. ಬೇರನ್ನ ಕಾಪಾಡೋದು ವಸಡು ಮತ್ತು ಅದರ ಹಿಂದಿರೋ ದವಡೆ ಮೂಳೆ. ವಸಡು ತನ್ನ ಜಾಗ ಬಿಟ್ಟು ಹಿಂದೆ ಸರಿದಾಗ ಬೇರು ಹೊರಗೆ ಕಾಣುತ್ತೆ. ನೋಡೋರಿಗೆ ಹಲ್ಲು ಉದ್ದ ಆದ ಹಾಗೆ ಅನ್ನಿಸುತ್ತೆ. ನಿಜವಾಗಿ ಹಲ್ಲು ಅಷ್ಟೇ ಇದೆ, ಅದರ ಬಟ್ಟೆ ಗಿಡ್ಡ ಆಗಿದೆ.

ಕನ್ನಡಿ ಮುಂದೆ ನಿಂತು ಕೋರೆಹಲ್ಲಿನ ಹತ್ತಿರ ತುಟಿ ಎತ್ತಿ ನೋಡಿ. ವಸಡಿನ ಅಂಚಿನ ಪಕ್ಕ ಹಲ್ಲಿನ ಬಣ್ಣ ಸ್ವಲ್ಪ ಹಳದಿಗೆ ತಿರುಗಿದ್ರೆ, ಉಗುರು ಆಡಿಸಿದಾಗ ಅಲ್ಲೊಂದು ಸಣ್ಣ ಮೆಟ್ಟಿಲು ಸಿಕ್ಕರೆ, ನೀವು ನೋಡ್ತಿರೋದು ಬೇರನ್ನೇ ಇರಬಹುದು. ಗಾಬರಿ ಬೇಡ. ಆದರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ: ಸರಿದ ವಸಡು ತಾನಾಗಿ ವಾಪಸ್ ಬೆಳೆಯಲ್ಲ.

ಹಾಗಾದ್ರೆ ಯಾಕೆ ಸರಿಯುತ್ತೆ? ಈ ಪ್ರಶ್ನೆಗೆ ಪ್ರತಿ ಕಾಲವೂ ಒಬ್ಬ ಅಪರಾಧಿಯನ್ನ ಹಿಡಿದು ನಿಲ್ಲಿಸಿದೆ. ಯಾರನ್ನ ಹಿಡಿದರು ಅನ್ನೋದರ ಮೇಲೆ ಯಾರ ಹಲ್ಲು ಉಳೀತು, ಯಾರದು ಹೋಯ್ತು ಅನ್ನೋದು ನಿರ್ಧಾರ ಆಯ್ತು.

ಪೋಸ್ಟ್ 2/9
ಸುಶ್ರುತನ ಪಟ್ಟಿ, ಸಿಡೋನಿನ ಚಿನ್ನದ ತಂತಿ

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೂಪುಗೊಂಡ ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳಿಗೆ ಒಂದು ಪೂರ್ತಿ ಅಧ್ಯಾಯ ಇದೆ. ಒಟ್ಟು 65 ರೋಗ. ಅದರಲ್ಲಿ ಹಲ್ಲಿಗೆ 8, ಹಲ್ಲಿನ ಬುಡಕ್ಕೆ, ಅಂದರೆ ವಸಡಿಗೆ, 15. ಲೆಕ್ಕ ಗಮನಿಸಿ: ಹಲ್ಲಿಗಿಂತ ವಸಡಿನ ರೋಗಗಳೇ ಹತ್ತಿರ ಹತ್ತಿರ ಎರಡು ಪಟ್ಟು.

ವಸಡಿನ ಪಟ್ಟಿಯಲ್ಲಿ ಮೊದಲನೆಯದು ಶೀತಾದ. ಕಾರಣ ಇಲ್ಲದೆ ರಕ್ತ ಬರೋದು, ವಾಸನೆ, ವಸಡು ಕಪ್ಪಾಗಿ ಮೆತ್ತಗಾಗಿ ಅದರ ಮಾಂಸ ಕಳಚಿಹೋಗೋದು ಇದರ ಲಕ್ಷಣ. ಚಿಕಿತ್ಸೆ ಅಂದರೆ ಕೆಟ್ಟ ರಕ್ತ ತೆಗೆದು, ಶುಂಠಿ, ಸಾಸಿವೆ, ತ್ರಿಫಲ, ಭದ್ರಮುಷ್ಟಿ ಕುದಿಸಿದ ನೀರಲ್ಲಿ ಬಾಯಿ ಮುಕ್ಕಳಿಸೋದು.

ಹಲ್ಲಿನ ಪಟ್ಟಿಗೆ ಬನ್ನಿ. ಅಲ್ಲಿ ದಂತಹರ್ಷ ಅಂತ ಒಂದಿದೆ: ಹಲ್ಲಿಗೆ ತಣ್ಣಗಿನದು, ಬಿಸಿಯದು, ಮುಟ್ಟಿದ್ದು ಯಾವುದೂ ಸಹಿಸೋಕಾಗಲ್ಲ. ಐಸ್‌ಕ್ರೀಮ್ ಕಚ್ಚಿದಾಗ ಜುಮ್ ಅನ್ನುತ್ತಲ್ಲ, ಅದೇ. ಇನ್ನೊಂದು ದಂತಶರ್ಕರೆ. ಶರ್ಕರೆ ಅಂದರೆ ಇಲ್ಲಿ ಮರಳಿನಂಥ ಕಲ್ಲು, ಹಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟೋ ಪಾಚಿ. ಅದನ್ನ ಹಲ್ಲಿನ ಬುಡಕ್ಕೆ ಗಾಯ ಆಗದ ಹಾಗೆ ಕೆರೆದು ತೆಗೆಯಬೇಕು ಅಂತ ಸಂಹಿತೆ ವೈದ್ಯನಿಗೆ ಎಚ್ಚರಿಕೆ ಕೊಡುತ್ತೆ.

ರಕ್ತ ಬರೋ ವಸಡು, ಜುಮ್ ಅನ್ನೋ ಹಲ್ಲು, ಕಟ್ಟಿದ ಕಲ್ಲು. ಮೂರನ್ನೂ ಕಣ್ಣಿಟ್ಟು ನೋಡಿದ್ದಾರೆ. ಆದರೆ ಒಂದು ವಸಡಿನ ಪಟ್ಟಿಯಲ್ಲಿ, ಎರಡು ಹಲ್ಲಿನ ಪಟ್ಟಿಯಲ್ಲಿ ಇವೆ. ರೋಗದ ಮೂಲ ವಾತ, ಪಿತ್ತ, ಕಫ, ರಕ್ತ ಕೆಡೋದರಲ್ಲಿದೆ ಅನ್ನೋದು ಆ ಶಾಸ್ತ್ರದ ತಳಹದಿ. ಆ ಲೆಕ್ಕದಲ್ಲಿ ಕಲ್ಲೂ ವಸಡೂ ಬೇರೆ ಬೇರೆ ರೋಗ.

ಅದಕ್ಕೂ ಹಿಂದಿನ ಒಂದು ದವಡೆ ಮೂಳೆ ನೋಡಿ. ಈಗಿನ ಲೆಬನಾನಿನ ಸಿಡೋನ್‌ನಲ್ಲಿ 1901ರಲ್ಲಿ ಸಿಕ್ಕಿದ್ದು, ಕ್ರಿಸ್ತಪೂರ್ವ 5ನೇ ಶತಮಾನದ್ದು. ವಸಡಿನ ರೋಗದಿಂದ ಸಡಿಲವಾದ ಕೆಳಗಿನ ಮುಂದಿನ ಹಲ್ಲುಗಳನ್ನ ಯಾರೋ ಅಕ್ಕಸಾಲಿಯ ಕೈಚಳಕ ಇದ್ದವರು ಚಿನ್ನದ ತಂತಿಯಿಂದ ಹೆಣೆದು ಕಟ್ಟಿದ್ದಾರೆ. ಈಗ ಅದು ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿದೆ. ಬೀಳೋ ಹಲ್ಲನ್ನ ಹಾಗೇ ಬಿಡೋಕೆ ಜನ ಅಂದೂ ಒಪ್ಪಿರಲಿಲ್ಲ, ಕೈಯಲ್ಲಿ ಚಿನ್ನ ಇದ್ದವರಾದರೂ.

ಪೋಸ್ಟ್ 3/9
ಕಾರ್ಡೋಬಾದ ಹದಿನಾಲ್ಕು ಕೆರೆಯೋ ಸಲಕರಣೆ

ಸ್ಪೇನ್‌ನ ಕಾರ್ಡೋಬಾ ಹತ್ತಿರ 936ರಲ್ಲಿ ಹುಟ್ಟಿದ ಅಲ್-ಜಹ್ರಾವಿ ಶಸ್ತ್ರವೈದ್ಯ. 30 ಭಾಗಗಳ ದೊಡ್ಡ ವೈದ್ಯಗ್ರಂಥ ಬರೆದ, ಹೆಸರು ಅಲ್-ತಸ್ರೀಫ್. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಅಲ್ಲಿ ಹಲ್ಲಿನ ಕಲ್ಲು ಕೆರೆಯೋಕೆ 14 ಬಗೆಯ ಸಲಕರಣೆಗಳ ಚಿತ್ರ ಇದೆ. ಹೊರಮೈಗೆ ಒಂದು, ಒಳಮೈಗೆ ಇನ್ನೊಂದು, ಎರಡು ಹಲ್ಲಿನ ಸಂದಿಗೆ ಮತ್ತೊಂದು. ಇವತ್ತಿನ ಡೆಂಟಿಸ್ಟ್ ಟ್ರೇ ನೋಡಿದವರಿಗೆ ಆ ಪುಟ ಪರಿಚಯದ್ದೇ ಅನ್ನಿಸುತ್ತೆ.

ಇನ್ನೂ ಮುಖ್ಯ ಅವನ ತರ್ಕ. ಹಲ್ಲಿನ ಮೇಲೆ ಕಟ್ಟೋ ಒರಟು, ಕಪ್ಪು-ಹಳದಿ ಕಲ್ಲಿನಿಂದಲೇ ವಸಡು ಕೆಡುತ್ತೆ, ಅದನ್ನ ಪೂರ್ತಿ ತೆಗೆಯಬೇಕು, ಒಂದು ಸಲಕ್ಕೆ ಆಗದಿದ್ರೆ ಮತ್ತೆ ಕೂರಿಸಿ ತೆಗೆಯಬೇಕು ಅಂತ ಅವನು ಹೇಳಿದ. ಸುಶ್ರುತನಲ್ಲಿ ಎರಡು ಪಟ್ಟಿಯಲ್ಲಿದ್ದ ವಿಷಯ ಇಲ್ಲಿ ಒಂದೇ ಸಾಲಿಗೆ ಬಂತು. ಸಡಿಲ ಹಲ್ಲನ್ನ ಚಿನ್ನದ ತಂತಿಯಲ್ಲಿ ಕಟ್ಟೋ ವಿಧಾನವೂ ಆ ಪುಸ್ತಕದಲ್ಲಿದೆ.

ಈ ಕಲ್ಲಿಗೆ ಇವತ್ತಿನ ಹೆಸರು ಟಾರ್ಟರ್, ಇಲ್ಲವೇ ಕ್ಯಾಲ್ಕುಲಸ್. ಹೌದು, ಪಿಯುಸಿಯಲ್ಲಿ ನಮ್ಮನ್ನ ಕಾಡಿದ ಅದೇ ಪದ. ಲ್ಯಾಟಿನ್‌ನಲ್ಲಿ ಕ್ಯಾಲ್ಕುಲಸ್ ಅಂದರೆ ಸಣ್ಣ ಕಲ್ಲು. ಹಿಂದೆ ಕಲ್ಲಿಟ್ಟು ಲೆಕ್ಕ ಮಾಡ್ತಿದ್ರು, ಅದಕ್ಕೆ ಗಣಿತಕ್ಕೆ ಆ ಹೆಸರು ಹೋಯ್ತು. ಹಲ್ಲಿಗಂತೂ ಕಲ್ಲೇ ಕಟ್ಟುತ್ತೆ.

ಚರಿತ್ರೆಕಾರರಿಗೆ ಈ ಕಲ್ಲು ಒಂದು ಖಜಾನೆ. ಜರ್ಮನಿಯ ಡಾಲ್‌ಹೈಮ್ ಅನ್ನೋ ಹಳೆಯ ಕ್ರೈಸ್ತ ಮಠದ ಸ್ಮಶಾನದಲ್ಲಿ ಸಿಕ್ಕ ಮಧ್ಯಕಾಲದ ಹಲ್ಲುಗಳ ಕಲ್ಲನ್ನ ಪರೀಕ್ಷಿಸಿದ ವಿಜ್ಞಾನಿಗಳು, ಇವತ್ತು ನಮ್ಮ ವಸಡನ್ನ ಕೆಡಿಸೋ ಬ್ಯಾಕ್ಟೀರಿಯಾಗಳ ಡಿಎನ್ಎ ಅಲ್ಲೂ ಇರೋದನ್ನ 2014ರಲ್ಲಿ ಪ್ರಕಟಿಸಿದರು. ಅದೇ ಜಾಗದ ಒಬ್ಬ ಸನ್ಯಾಸಿನಿಯ ಹಲ್ಲಿನ ಕಲ್ಲಲ್ಲಿ ನೀಲಿ ಕಣಗಳು ಸಿಕ್ಕವು. ಅಫ್ಘಾನಿಸ್ತಾನದಿಂದ ಬರ್ತಿದ್ದ ಲ್ಯಾಪಿಸ್ ಲಜುಲಿ ಕಲ್ಲಿನ ಪುಡಿ, ಚಿನ್ನದಷ್ಟೇ ದುಬಾರಿ ಬಣ್ಣ. ಅವಳು ಹಸ್ತಪ್ರತಿಗಳಿಗೆ ಚಿತ್ರ ಬರೀತಿದ್ದಳು, ಕುಂಚದ ತುದಿಯನ್ನ ತುಟಿಯಲ್ಲಿ ಚೂಪು ಮಾಡ್ಕೊಳ್ತಿದ್ದಳು ಅನ್ನೋದು ಸಂಶೋಧಕರ ಊಹೆ. ಸಾವಿರ ವರ್ಷ ಯಾರೂ ಬರೆದಿಡದ ಅವಳ ಕೆಲಸಕ್ಕೆ ಅವಳ ಪಾಚಿಯೇ ಸಾಕ್ಷಿ.

ಪೋಸ್ಟ್ 4/9
ಅಂಜದೀವದಿಂದ ಹೊರಟ ಹಡಗು

ಕಾರವಾರದವರಿಗೆ ಅಂಜದೀವ ದ್ವೀಪ ಗೊತ್ತಿರುತ್ತೆ. ಆಡಳಿತಕ್ಕೆ ಗೋವಾದ್ದು, ಇರೋದು ಕಾರವಾರದ ಪಕ್ಕದಲ್ಲೇ. ವಾಸ್ಕೋ ಡ ಗಾಮ ಊರಿಗೆ ವಾಪಸ್ ಹೊರಟಾಗ ಹಡಗು ರಿಪೇರಿ ಮಾಡಿಸಿ ನೀರು ತುಂಬಿಸ್ಕೊಂಡಿದ್ದು ಅಲ್ಲೇ. 1498ರ ಅಕ್ಟೋಬರ್ ಆರಂಭದಲ್ಲಿ ಅಲ್ಲಿಂದ ಬಿಟ್ಟ. ಗಾಳಿ ಎದುರಾಯ್ತು. ಆಫ್ರಿಕಾದ ದಡ ಕಾಣೋಕೆ ಮೂರು ತಿಂಗಳು ಹಿಡೀತು, 1499ರ ಜನವರಿ ಬಂತು.

ಆ ಮೂರು ತಿಂಗಳಲ್ಲಿ ಸುಮಾರು 30 ಜನ ಸತ್ತರು. ಹಡಗಿನಲ್ಲಿದ್ದವನೊಬ್ಬ ಬರೆದ ದಿನಚರಿ ಉಳಿದಿದೆ. ಅದರಲ್ಲಿ ಅವನು ಹೇಳೋದು ವಸಡಿನ ಬಗ್ಗೆ: ಅದು ಊದಿ ಹಲ್ಲಿನ ಮೇಲೆಲ್ಲ ಬೆಳೆದುಬಿಟ್ಟು ಏನೂ ತಿನ್ನೋಕಾಗ್ತಿರಲಿಲ್ಲ. ಇದು ಸ್ಕರ್ವಿ. ಹಣ್ಣು-ತರಕಾರಿ ಇಲ್ಲದೆ ವಿಟಮಿನ್ ಸಿ ಕೊರತೆಯಾಗಿ ಬರೋ ರೋಗ.

ಇಲ್ಲಿ ಆಗಿದ್ದು ನಮ್ಮ ಕಥೆಗೆ ಉಲ್ಟಾ. ವಸಡು ಸರಿಯೋ ಬದಲು ಉಬ್ಬಿತು. ಆದರೂ ಈ ಕಥೆ ಇಲ್ಲಿ ಯಾಕೆ ಅಂದರೆ, ಮುಂದಿನ ಇನ್ನೂರೈವತ್ತು ವರ್ಷ ಯುರೋಪಿನವರ ತಲೆಯಲ್ಲಿ "ವಸಡಿನ ರೋಗ" ಅಂದ ಕೂಡಲೇ ಸ್ಕರ್ವಿ ಬಂದು ಕೂರ್ತಿತ್ತು. ಸಮುದ್ರ ನೋಡದವನ ವಸಡಲ್ಲಿ ರಕ್ತ ಬಂದರೂ ಅದೇ ಹೆಸರು.

ಪ್ಯಾರಿಸ್‌ನ ಪಿಯರ್ ಫೋಷಾರ್ 1728ರಲ್ಲಿ ಹಲ್ಲಿನ ವೈದ್ಯದ ಬಗ್ಗೆ ಎರಡು ಸಂಪುಟದ ಪುಸ್ತಕ ಪ್ರಕಟಿಸಿದ. ಆಧುನಿಕ ದಂತವೈದ್ಯದ ಪಿತಾಮಹ ಅಂತ ಅವನನ್ನ ಕರೀತಾರೆ. ನಾವಿಕರಲ್ಲದವರಿಗೂ, ಬೇರೆಲ್ಲ ರೀತಿಯಲ್ಲಿ ಗಟ್ಟಿಮುಟ್ಟಾಗಿ ಇರೋರಿಗೂ ವಸಡು ಕೆಟ್ಟು ಕೀವು ಬಂದು ಹಲ್ಲು ಸಡಿಲ ಆಗೋದನ್ನ ಅವನು ಗುರುತಿಸಿದ. ಆದರೂ ಹೆಸರಿಡುವಾಗ ಒಂದು ಬಗೆಯ ಸ್ಕರ್ವಿ ಅಂದ. ಚಿಕಿತ್ಸೆಗೆ ಕಲ್ಲು ಕೆರೆಯೋದೇ ಅವನ ದಾರಿ, ಅದಕ್ಕೆ ತಾನೇ ಸಲಕರಣೆ ಮಾಡಿಸಿದ್ದ. ಹಲ್ಲುನೋವಿಗೆ ಅವರವರ ಮೂತ್ರದಲ್ಲೇ ಬಾಯಿ ಮುಕ್ಕಳಿಸಿ ಅಂತ ಹೇಳಿದವನೂ ಇವನೇ. ಪಿತಾಮಹ ಹೇಳಿದ್ದನ್ನೆಲ್ಲ ಪಾಲಿಸಬೇಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಪೋಸ್ಟ್ 5/9
ಬಟ್ಟೆ ವ್ಯಾಪಾರಿ ತನ್ನ ಹಲ್ಲು ಕೆರೆದು ನೋಡಿದ

ಫೋಷಾರ್‌ನ ಪುಸ್ತಕಕ್ಕೂ 45 ವರ್ಷ ಮುಂಚೆ ನಿಜವಾದ ಸುಳಿವು ಸಿಕ್ಕಾಗಿತ್ತು. ಯಾರೂ ಅದನ್ನ ಹಲ್ಲಿಗೆ ಜೋಡಿಸಲಿಲ್ಲ ಅಷ್ಟೇ.

ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವನ್‌ಹುಕ್. ಮಸೂರ ಉಜ್ಜಿ ತಾನೇ ಸೂಕ್ಷ್ಮದರ್ಶಕ ಮಾಡ್ತಿದ್ದ. ದಿನಾ ಉಪ್ಪಿನಿಂದ ಹಲ್ಲು ಉಜ್ಜೋದು ಅವನ ಅಭ್ಯಾಸ. ಆದರೂ ಹಲ್ಲಿನ ಸಂದಿಯಲ್ಲಿ ಹಿಟ್ಟಿನ ಮುದ್ದೆಯಂಥ ಬಿಳಿ ಪದಾರ್ಥ ಉಳೀತಿತ್ತು. ಅದನ್ನ ಕೆರೆದು, ಶುದ್ಧ ಮಳೆನೀರಲ್ಲಿ ಕಲಸಿ ನೋಡಿದ. ಒಳಗೆಲ್ಲ ಜೀವಿಗಳು! ಓಡೋವು, ಬುಗುರಿ ಹಾಗೆ ಸುತ್ತೋವು. 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಜೀವನದಲ್ಲಿ ಒಮ್ಮೆಯೂ ಹಲ್ಲು ಉಜ್ಜದ ಒಬ್ಬ ಮುದುಕನ ಬಾಯಿಯಿಂದಲೂ ಸ್ಯಾಂಪಲ್ ತಗೊಂಡು ನೋಡಿದ್ದ. ಅಲ್ಲಂತೂ ಜಾತ್ರೆ.

ಆಮೇಲೆ ವಿನೆಗರ್ ಹಾಕಿ ನೋಡಿದ. ನೀರಲ್ಲಿ ಕಲಸಿದ ಜೀವಿಗಳು ಸತ್ತವು. ಆದರೆ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದಾಗ ಪಾಚಿಯ ಹೊರಪದರದವು ಮಾತ್ರ ಸತ್ತು, ಒಳಗಿನವು ಹಾಗೇ ಉಳಿದವು. ಇದನ್ನ ಸ್ವಲ್ಪ ನಿಂತು ಯೋಚಿಸಿ. ಮೌತ್‌ವಾಶ್ ಬಾಯಿಗೆ ಹಾಕ್ಕೊಂಡು ಬ್ರಷ್ ಬಿಡೋರಿಗೆ ಉತ್ತರ 1680ರ ದಶಕದಲ್ಲೇ ಬಂದಿದೆ. ಪಾಚಿ ಒಂದು ಕೋಟೆ. ಹೊರಗಿಂದ ಏನು ಸುರಿದರೂ ಒಳಗೆ ಇಳಿಯಲ್ಲ, ಉಜ್ಜಿ ಕೆಡವಬೇಕು.

ಈ ಪುಟ್ಟ ಜೀವಿಗಳಿಗೂ ರೋಗಕ್ಕೂ ನಂಟಿದೆ ಅನ್ನೋದು ಪಾಶ್ಚರ್, ಕಾಕ್ ಕಾಲಕ್ಕೆ, ಅಂದರೆ ಇನ್ನೂರು ವರ್ಷ ಆದ ಮೇಲೆ ಸ್ಪಷ್ಟವಾಯ್ತು. ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯೂ. ಡಿ. ಮಿಲ್ಲರ್ ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆ ಪೂರ್ತಿ ಪುಸ್ತಕ ಬರೆದಿದ್ದು 1890ರಲ್ಲಿ.

ಪೋಸ್ಟ್ 6/9
ಒಬ್ಬ ಹಲ್ಲು ಉಳಿಸಿದ, ಉಳಿದವರು ಕಿತ್ತರು

ಅಮೆರಿಕದ ಹಾರ್ಟ್‌ಫರ್ಡ್, 1844ರ ಡಿಸೆಂಬರ್ 11. ದಂತವೈದ್ಯ ಹೊರೇಸ್ ವೆಲ್ಸ್ ನಗೆ ಅನಿಲ ಎಳ್ಕೊಂಡು ತನ್ನದೇ ಹಲ್ಲು ಕೀಳಿಸ್ಕೊಂಡ. ನೋವಾಗಲಿಲ್ಲ. ಅರಿವಳಿಕೆಯ ಚರಿತ್ರೆಯಲ್ಲಿ ದೊಡ್ಡ ದಿನ ಅದು. ಆ ಹಲ್ಲು ಕಿತ್ತ ಕೈ ಜಾನ್ ರಿಗ್ಸ್ ಎಂಬ ಅವನ ಗೆಳೆಯನದು.

ನೋವಿಲ್ಲದೆ ಹಲ್ಲು ಕೀಳೋ ದಾರಿ ತೆರೆದ ಈ ರಿಗ್ಸ್, ಉಳಿದ ಆಯುಸ್ಸನ್ನ ಹಲ್ಲು ಉಳಿಸೋಕೆ ಕಳೆದ. ಆಗಿನ ಕೆಲವರು ಕೆಟ್ಟ ವಸಡನ್ನ ಕತ್ತರಿಸಿ ತೆಗೀತಿದ್ರು. ರಿಗ್ಸ್ ಅದನ್ನ ವಿರೋಧಿಸಿದ. ತಪ್ಪು ವಸಡಿನದಲ್ಲ, ಅದರ ಅಡಿ ಸೇರಿದ ಕಲ್ಲಿನದು. ವಸಡಿನ ಒಳಗೂ ಸಲಕರಣೆ ಇಳಿಸಿ ಕೆರೆದು, ಹಲ್ಲನ್ನ ನುಣುಪು ಮಾಡಿ, ಆಮೇಲೆ ರೋಗಿ ದಿನಾ ಚೊಕ್ಕಟವಾಗಿ ಇಟ್ಕೊಂಡ್ರೆ ವಸಡು ಗುಣ ಆಗುತ್ತೆ ಅಂತ 1870ರ ದಶಕದಲ್ಲಿ ಸಭೆಗಳಲ್ಲಿ ತೋರಿಸಿದ. ಅಮೆರಿಕದಲ್ಲಿ ಈ ರೋಗಕ್ಕೆ "ರಿಗ್ಸ್ ರೋಗ" ಅಂತಲೇ ಹೆಸರು ಬಿತ್ತು. ಇನ್ನೊಂದು ಹೆಸರು ಪಯೋರಿಯಾ, ಗ್ರೀಕ್‌ನಲ್ಲಿ ಕೀವು ಹರಿಯೋದು ಅಂತ ಅರ್ಥ. ನಮ್ಮ ದೇಶದ ಹಲ್ಲುಪುಡಿ ಜಾಹೀರಾತುಗಳಲ್ಲೂ ಬಹಳ ಕಾಲ ಓಡಾಡಿದ ಪದ.

ಅಷ್ಟರಲ್ಲಿ ಗಾಳಿ ಬೇರೆ ಕಡೆ ತಿರುಗಿತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಉಪನ್ಯಾಸ ಕೊಟ್ಟ. ಬಾಯಲ್ಲಿರೋ ಸೋಂಕೇ ರಕ್ತಹೀನತೆ, ಹೊಟ್ಟೆರೋಗ ಮುಂತಾದ ಎಷ್ಟೋ ಕಾಯಿಲೆಗಳ ಬೇರು ಅಂದ. ಸೋಂಕಿನ ಮೇಲೆ ಚಿನ್ನದ ಕ್ಯಾಪ್ ಹಾಕೋ ಡೆಂಟಿಸ್ಟ್‌ಗಳನ್ನ ತರಾಟೆಗೆ ತಗೊಂಡ. ಮಾತಲ್ಲಿ ಅರ್ಧ ಸತ್ಯ ಇತ್ತು. ಆದರೆ ಕೇಳಿದವರು ತೆಗೆದ ತೀರ್ಮಾನ: ಅನುಮಾನ ಇದ್ದರೆ ಕಿತ್ತುಹಾಕಿ. ಮುಂದಿನ ಎರಡು ಮೂರು ದಶಕ ಲೆಕ್ಕವಿಲ್ಲದಷ್ಟು ಹಲ್ಲುಗಳು, ಉಳಿಸಬಹುದಾಗಿದ್ದವೂ ಸೇರಿ, ಬಕೆಟ್ಟಿಗೆ ಬಿದ್ದವು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಬಾಯಿಯ ಸೋಂಕೇ ಕಾರಣ ಅಂತ ನಂಬಿ ರೋಗಿಗಳ ಹಲ್ಲು ಕೀಳಿಸಿದ, ವಾಸಿ ಆಗದಿದ್ರೆ ಕರುಳಿನ ಭಾಗವನ್ನೂ ತೆಗೆಸಿದ. ಅನೇಕರು ಸತ್ತರು. ಬೇಡ ಅನ್ನೋ ಹಕ್ಕು ಆ ರೋಗಿಗಳಿಗೆ ಇರಲಿಲ್ಲ.

ಪೋಸ್ಟ್ 7/9
ಬ್ರಷ್ ಬಂತು, ಗಟ್ಟಿಯಾಗಿ ಬಂತು

ನಮ್ಮ ಕಡೆ ಹಲ್ಲುಜ್ಜೋದು ಹೊಸದೇನಲ್ಲ. ಬೇವಿನ ಕಡ್ಡಿ, ಉಪ್ಪು, ಇದ್ದಿಲು ಎಲ್ಲ ಇತ್ತು. ಕೆಲವೆಡೆ ಇಟ್ಟಿಗೆ ಪುಡಿಯೂ. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರು ಮಾಡಿದ ಮೇಲೆ ನಂಜನಗೂಡು ಹಲ್ಲುಪುಡಿ ಮೈಸೂರು ಸೀಮೆಯಲ್ಲಿ ಮನೆಮಾತಾಯ್ತು. ದೇಶದ ಬೇರೆ ಕಡೆ ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಗಳೂ ಓಡ್ತಿದ್ದವು. ಅವನ್ನ ಸರ್ಕಾರ ನಿಷೇಧಿಸಿದ್ದು 1992ರಲ್ಲಿ. ಇಷ್ಟು ತಡವಾಗಿ!

ಬ್ರಷ್ ಬಹಳ ಕಾಲ ಹಂದಿ ಕೂದಲಿನದು. 1938ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿಯ ನೈಲಾನ್ ಎಳೆಯ ಬ್ರಷ್ ಮಾರಾಟಕ್ಕೆ ಬಂತು. ನೈಲಾನ್ ಸ್ಟಾಕಿಂಗ್ಸ್‌ಗೂ ಮುಂಚೆ ಅಂಗಡಿಗೆ ಬಂದ ನೈಲಾನ್ ವಸ್ತು ಅದು. ಬೇಗ ಒಣಗುತ್ತೆ, ಕೂದಲು ಉದುರಲ್ಲ. ಆದರೆ ಆರಂಭದ ಎಳೆಗಳು ದಪ್ಪ, ಗಡಸು. ಗಟ್ಟಿ ಬ್ರಷ್ ಹಿಡಿದು ಜೋರಾಗಿ ಅಡ್ಡಡ್ಡ ಉಜ್ಜಿದರೆ ವಸಡು ಸವೆಯುತ್ತೆ, ಅದರ ಪಕ್ಕದ ಬೇರಲ್ಲಿ ಕೊಡಲಿ ಹಾಕಿದ ಹಾಗೆ ಗೀರು ಬೀಳುತ್ತೆ.

ಇದನ್ನ ಗಂಭೀರವಾಗಿ ತಗೊಂಡವನು ಡೆಂಟಿಸ್ಟೇ ಅಲ್ಲ. ನ್ಯೂ ಆರ್ಲಿಯನ್ಸ್‌ನ ಟುಲೇನ್ ವೈದ್ಯ ಶಾಲೆಯಲ್ಲಿ ಡೀನ್ ಆಗಿದ್ದ ವೈದ್ಯ ಚಾರ್ಲ್ಸ್ ಬಾಸ್. ಪಯೋರಿಯಾಗೆ ಅಮೀಬಾ ಕಾರಣ ಅಂತ 1915ರ ಹೊತ್ತಿಗೆ ಪುಸ್ತಕವನ್ನೇ ಬರೆದಿದ್ದ, ಅದಕ್ಕೆ ಔಷಧಿಯನ್ನೂ ಹೇಳಿದ್ದ. ಆ ವಾದ ನಿಲ್ಲಲಿಲ್ಲ. ವಯಸ್ಸಾದ ಮೇಲೆ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತ. ಬ್ರಷ್ಷಿನ ಎಳೆ ತೆಳುವಾಗಿರಬೇಕು, 0.007 ಇಂಚು, ತುದಿ ದುಂಡಗಿರಬೇಕು ಅಂತ 1948ರಲ್ಲಿ ಬರೆದ. ಬ್ರಷ್ಷನ್ನ ವಸಡಿನ ಕಡೆಗೆ 45 ಡಿಗ್ರಿ ಓರೆ ಹಿಡಿದು, ವಸಡು-ಹಲ್ಲಿನ ಸಂದಿಯಲ್ಲಿ ಮೆಲ್ಲಗೆ ಅಲ್ಲಾಡಿಸಬೇಕು ಅನ್ನೋ ವಿಧಾನವನ್ನ 1954ರಲ್ಲಿ ಕೊಟ್ಟ. ಇವತ್ತಿಗೂ ಡೆಂಟಿಸ್ಟ್ ಪ್ಲಾಸ್ಟಿಕ್ ದವಡೆ ಹಿಡಿದು ತೋರಿಸೋದು ಅದನ್ನೇ, ಬಾಸ್ ವಿಧಾನ.

ಪೋಸ್ಟ್ 8/9
ಹನ್ನೆರಡು ಜನ, ಮೂರು ವಾರ. ನಾನೂರ ಎಂಬತ್ತು ಜನ, ಹದಿನೈದು ವರ್ಷ

ಈ ಪೋಸ್ಟ್ ನಿಧಾನಕ್ಕೆ ಓದಿ.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಆರೋಗ್ಯವಾದ ವಸಡಿನ 12 ಜನ, ಹೆಚ್ಚಿನವರು ನಮ್ಮ ವಯಸ್ಸಿನ ಡೆಂಟಲ್ ವಿದ್ಯಾರ್ಥಿಗಳು, ಹಲ್ಲುಜ್ಜೋದನ್ನ ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನದೊಳಗೆ ಹನ್ನೆರಡೂ ಜನರ ವಸಡು ಊದಿತು. ಮತ್ತೆ ಬ್ರಷ್ ಕೊಟ್ಟರು, ಸುಮಾರು ಒಂದು ವಾರದಲ್ಲಿ ಸರಿಹೋಯ್ತು. ಲೇವನ್‌ಹುಕ್‌ನ ಜೀವಿಗಳಿಗೂ ವಸಡಿಗೂ ನಡುವಿನ ನಂಟು ಮನುಷ್ಯರ ಬಾಯಲ್ಲೇ ಸಾಬೀತಾಯ್ತು.

ಆದರೆ ಉಜ್ಜದೆ ವರ್ಷಗಟ್ಟಲೆ ಬಿಟ್ಟರೆ? ಅದನ್ನ ವಿದ್ಯಾರ್ಥಿಗಳ ಮೇಲೆ ನೋಡೋಕಾಗಲ್ಲ. ಲೋ ತಂಡ 1970ರಲ್ಲಿ ಶ್ರೀಲಂಕಾದ ಚಹಾ ತೋಟಕ್ಕೆ ಹೋಯ್ತು. 14ರಿಂದ 31 ವಯಸ್ಸಿನ 480 ಗಂಡಸರು, ತಮಿಳು ಕೂಲಿಗಳು. ಬ್ರಷ್ ಅಭ್ಯಾಸವಾಗಲಿ ಹಲ್ಲಿನ ವೈದ್ಯವಾಗಲಿ ಅವರಿಗೆ ತಲುಪಿರಲಿಲ್ಲ. ಅವರನ್ನ ಆರಿಸಿದ್ದೇ ಅದಕ್ಕೆ. 1985ರವರೆಗೆ ಮತ್ತೆ ಮತ್ತೆ ಅಳತೆ ತಗೊಂಡರು. ಎಲ್ಲರ ಬಾಯಲ್ಲೂ ಪಾಚಿ, ಕಲ್ಲು ಒಂದೇ ಸಮ. ಆದರೂ 8% ಜನರಲ್ಲಿ ರೋಗ ವೇಗವಾಗಿ ಓಡಿತು, 81% ಜನರಲ್ಲಿ ಮಧ್ಯಮ, 11% ಜನರಲ್ಲಿ ವಸಡಿನ ಊತದಿಂದ ಮುಂದೆ ಹೋಗಲೇ ಇಲ್ಲ. ವೇಗದ ಗುಂಪಿನವರಿಗೆ 35 ವಯಸ್ಸಿಗೆ ಹಲ್ಲಿನ ಹಿಡಿತ ಸರಾಸರಿ 9 ಮಿಲಿಮೀಟರ್ ಹೋಗಿತ್ತು, ಕೊನೆಯ ಗುಂಪಿಗೆ 1ಕ್ಕಿಂತ ಕಡಿಮೆ. "ನಮ್ಮಜ್ಜ ಬರೀ ಬೆರಳಲ್ಲಿ ಉಜ್ಜಿ ಎಂಬತ್ತರಲ್ಲೂ ಕಬ್ಬು ಜಗೀತಿದ್ದ" ಅನ್ನೋರಿಗೆ ಉತ್ತರ ಇಲ್ಲಿದೆ. ಅಜ್ಜ ಆ 11%ರಲ್ಲಿ ಒಬ್ಬ ಇರಬಹುದು. ನೀವೂ ಅದರಲ್ಲೇ ಇದ್ದೀರಿ ಅನ್ನೋಕೆ ಗ್ಯಾರಂಟಿ ಇಲ್ಲ.

ಅದೇ ತಂಡ ಓಸ್ಲೋದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಹೀಗೇ ಅಳೆದಿತ್ತು. ಚಿಕ್ಕಂದಿನಿಂದ ಉಜ್ಜೋರು, ಡೆಂಟಿಸ್ಟ್ ಹತ್ತಿರ ಹೋಗೋರು. ವಸಡು ಸರಿಯೋದನ್ನೇ ವಿಷಯ ಮಾಡಿ 1992ರಲ್ಲಿ ಎರಡೂ ಗುಂಪನ್ನ ಹೋಲಿಸಿದರು. ತೋಟದವರಲ್ಲಿ 20 ತುಂಬೋಕೆ ಮುಂಚೆ 30% ಜನರಿಗೆ, 30 ವಯಸ್ಸಿಗೆ 90%, 40ಕ್ಕೆ ಎಲ್ಲರಿಗೂ ವಸಡು ಸರಿದಿತ್ತು; ಹಲ್ಲಿನ ಹೊರಗೆ, ಒಳಗೆ, ಸಂದಿಯಲ್ಲಿ ಎಲ್ಲ ಕಡೆ. ಓಸ್ಲೋದವರಲ್ಲಿ? 20 ವಯಸ್ಸಿಗೇ 60%! ಆದರೆ ಕೆನ್ನೆ ಕಡೆಯ ಮೈಯಲ್ಲಿ ಮಾತ್ರ, ಬ್ರಷ್ ಜೋರಾಗಿ ತಾಕೋ ಜಾಗದಲ್ಲಿ. ಉಜ್ಜದವನಿಗೂ ಸರಿಯುತ್ತೆ, ತಿಕ್ಕಿ ತಿಕ್ಕಿ ಉಜ್ಜೋನಿಗೂ ಸರಿಯುತ್ತೆ. ದಾರಿ ಬೇರೆ, ಹೋಗಿ ಸೇರೋ ಊರೂ ಬೇರೆ: ಮೊದಲನೆಯವನಿಗೆ ಮೂಳೆ ಕರಗಿ ಹಲ್ಲೇ ಹೋಗುತ್ತೆ, ಎರಡನೆಯವನಿಗೆ ಸಾಮಾನ್ಯವಾಗಿ ಹಲ್ಲು ಉಳಿದು ಬೇರು ಬಯಲಾಗುತ್ತೆ.

ಈ ಅಂಕಿಗಳು ಇಲ್ಲದೆ ಇವತ್ತಿನ ಯಾವ ವಸಡಿನ ಪಠ್ಯಪುಸ್ತಕವೂ ಇಲ್ಲ. ಆದರೆ ಆ 480 ಜನ ಯಾರು? ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ತೋಟಕ್ಕೆ ಸಾಗಿಸಲ್ಪಟ್ಟವರ ಮೊಮ್ಮಕ್ಕಳು. 1948ರ ಕಾಯ್ದೆ ಅಂಥವರಲ್ಲಿ ಹೆಚ್ಚಿನವರಿಗೆ ಸಿಲೋನಿನ ಪೌರತ್ವ ಕೊಡಲಿಲ್ಲ. 1964ರಲ್ಲಿ ಶಾಸ್ತ್ರಿ-ಸಿರಿಮಾವೋ ಒಪ್ಪಂದ ಅವರನ್ನ ಎರಡು ದೇಶಕ್ಕೆ ಪಾಲು ಹಾಕಿತು. ಅಳತೆಗೋಲು ಬಾಯೊಳಗೆ ಹೋದಾಗ ಆ ಸಮುದಾಯದ ಎಷ್ಟೋ ಜನರಿಗೆ ದೇಶವೇ ಇರಲಿಲ್ಲ. ಆರ್ಹುಸ್‌ನ ಹನ್ನೆರಡು ಜನರಿಗೆ ಮೂರು ವಾರದಲ್ಲಿ ಬ್ರಷ್ ವಾಪಸ್ ಸಿಕ್ಕಿತು. "ಸಹಜವಾಗಿ ಬಿಟ್ಟರೆ ಏನಾಗುತ್ತೆ" ಅಂತ ತಿಳಿಯೋಕೆ ಜಗತ್ತು ಹುಡುಕಿದ್ದು, ಏನೂ ಸಿಗದ ಹಾಗೆ ಬಿಟ್ಟಿದ್ದ ಜನರನ್ನ. ಬಡತನಕ್ಕೆ ಸಹಜ ಅಂತ ಹೆಸರಿಡಬಹುದಾ? ಯೋಚಿಸಿ.

ಪೋಸ್ಟ್ 9/9
ಈಗ ನಮ್ಮ ಬಾಯಿ

ಬೇರು ಬಯಲಾದರೆ ಏನಾಗುತ್ತೆ? ಮೊದಲು ಜುಮ್ ಅನ್ನುತ್ತೆ. ಬೇರಿನ ಒಳಗೆ ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿವೆ, ಒಳಗೆ ದ್ರವ. ತಣ್ಣಗಿನದು ತಾಕಿದಾಗ ದ್ರವ ಅಲುಗಾಡಿ ನರವನ್ನ ಎಬ್ಬಿಸುತ್ತೆ. ಸ್ವೀಡನ್ನಿನ ಬ್ರಾನ್‌ಸ್ಟ್ರಾಮ್ 1960ರ ದಶಕದಲ್ಲಿ ಇದನ್ನ ಪ್ರಯೋಗಗಳಿಂದ ತೋರಿಸಿದ. ಸುಶ್ರುತನ ದಂತಹರ್ಷಕ್ಕೆ ವಿವರಣೆ ಸಿಕ್ಕಿದ್ದು ಆಗ.

ಎರಡನೆಯದು ಹುಳುಕು. ಎನಾಮೆಲ್ ಕರಗೋಕೆ ಬಾಯಿಯ ಪಿಎಚ್ ಸುಮಾರು 5.5ಕ್ಕೆ ಇಳೀಬೇಕು. ಬೇರು 6ರ ಮೇಲಿರುವಾಗಲೇ ಕರಗೋಕೆ ಶುರು. ಅದೇ ಸಿಹಿ, ಅದೇ ಕೂಲ್‌ಡ್ರಿಂಕ್ಸ್, ಹಾನಿ ಮಾತ್ರ ಬೇಗ. ಮೂರನೆಯದು, ಮೂಳೆಯೂ ಹೋಗ್ತಿದ್ದರೆ ಹಲ್ಲು ಅಲ್ಲಾಡುತ್ತೆ.

ಸರಿಪಡಿಸೋಕೆ ಆಗುತ್ತಾ? ಅಂಗುಳಿನಿಂದ ಚೂರು ಅಂಗಾಂಶ ತೆಗೆದು ಬೇರಿನ ಮೇಲೆ ಕಸಿ ಮಾಡ್ತಾರೆ, 1960ರ ದಶಕದಿಂದ ಈ ಕೆಲಸ ಬೆಳೀತಾ ಬಂದಿದೆ. ಎಷ್ಟು ಮುಚ್ಚಬಹುದು ಅನ್ನೋದಕ್ಕೆ 1985ರಲ್ಲಿ ಪಿ. ಡಿ. ಮಿಲ್ಲರ್ ನಾಲ್ಕು ದರ್ಜೆ ಮಾಡಿದ. ಸಾರ ಇಷ್ಟೇ: ಹಲ್ಲುಗಳ ನಡುವಿನ ಮೂಳೆ ಉಳಿದಿದ್ದರೆ ಬೇರನ್ನ ಪೂರ್ತಿ ಮುಚ್ಚಬಹುದು, ಅದು ಹೋಗಿದ್ದರೆ ಆಗಲ್ಲ. ಅಂದರೆ ಎಷ್ಟು ಬೇಗ ನೋಡಿಸ್ಕೊಳ್ತೀರಿ ಅನ್ನೋದೇ ಎಲ್ಲ.

ಇನ್ನು ನಮ್ಮ ಕಡೆಯ ದೊಡ್ಡ ಭಯ: "ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ." ಅಲ್ ಜಹ್ರಾವಿಯಿಂದ ರಿಗ್ಸ್‌ವರೆಗೆ ಎಲ್ಲರೂ ಕೆರೆದು ತೆಗೆದ ಕಲ್ಲನ್ನ ನಾವು ಹಲ್ಲಿಗೆ ಆಧಾರ ಅಂದ್ಕೊಂಡಿದ್ದೀವಿ. ಮೂಳೆ ಮೊದಲೇ ಕರಗಿರುತ್ತೆ, ಆ ಜಾಗದಲ್ಲಿ ಕಲ್ಲು ತುಂಬಿ ಹಲ್ಲುಗಳನ್ನ ಒಂದಕ್ಕೊಂದು ಅಂಟಿಸಿರುತ್ತೆ. ತೆಗೆದಾಗ ಊತ ಇಳಿದು ಸಂದಿ ಕಾಣುತ್ತೆ, ಅಲ್ಲಾಟ ಗೊತ್ತಾಗುತ್ತೆ. ಕ್ಲೀನಿಂಗ್ ಅದನ್ನ ಮಾಡಿದ್ದಲ್ಲ, ತೋರಿಸಿದ್ದು. ಈ ಭಯಕ್ಕೆ ಕ್ಲಿನಿಕ್ ಮೆಟ್ಟಿಲು ಹತ್ತದೆ ಹಲ್ಲು ಕಳ್ಕೊಂಡವರು ನಮ್ಮ ಸುತ್ತಲೇ ಇದ್ದಾರೆ.

ಹಾಗಾಗಿ ನಾಲ್ಕು ಮಾತು, ಸೇವ್ ಮಾಡ್ಕೊಳ್ಳಿ:
ಮೆತ್ತನೆ ಬ್ರಷ್, 45 ಡಿಗ್ರಿ, ಅಡ್ಡಡ್ಡ ತಿಕ್ಕಬೇಡಿ. ಬ್ರಷ್ಷಿನ ಎಳೆ ಎರಡೇ ತಿಂಗಳಲ್ಲಿ ಹೂವಿನ ಹಾಗೆ ಅರಳಿದ್ರೆ ನೀವು ಜೋರಾಗಿ ಉಜ್ತಿದ್ದೀರಿ ಅಂತ ಅರ್ಥ.
ರಕ್ತ ಬಂತು ಅಂತ ಉಜ್ಜೋದು ನಿಲ್ಲಿಸಬೇಡಿ. ಎರಡು ವಾರ ಆದರೂ ಬರ್ತಿದ್ದರೆ ತೋರಿಸಿ.
ಸಿಗರೇಟು, ಗುಟ್ಕಾ ಇರೋ ಬಾಯಲ್ಲಿ ರಕ್ತ ಬರದಿದ್ದರೂ ನೆಮ್ಮದಿ ಬೇಡ. ಸಿಗರೇಟಿನ ನಿಕೋಟಿನ್ ಆ ಎಚ್ಚರಿಕೆ ಗಂಟೆಯನ್ನೇ ಅಡಗಿಸುತ್ತೆ.
ತುಟಿ, ನಾಲಿಗೆಗೆ ಚುಚ್ಚಿಸ್ಕೊಂಡಿದ್ರೆ ಆ ಲೋಹ ತಾಕೋ ಕಡೆ ವಸಡು ನೋಡ್ಕೊಳ್ತಿರಿ.

ನಿಮ್ಮ ಮನೆಯಲ್ಲಿ ಅಜ್ಜ-ಅಜ್ಜಿ ಏನಿಂದ ಹಲ್ಲುಜ್ಜುತ್ತಿದ್ರು? ಮೊದಲ ಹಲ್ಲು ಯಾವ ವಯಸ್ಸಿಗೆ ಹೋಯ್ತು, ಯಾರು ಕಿತ್ತರು? ಕೇಳಿ ಕಾಮೆಂಟ್‌ನಲ್ಲಿ ಬರೀರಿ. ಅವರಿದ್ದಾಗಲೇ ಕೇಳಿ. ಈ ಚರಿತ್ರೆ ಇನ್ನೂ ಯಾವ ಕಡತದಲ್ಲೂ ಸೇರಿಲ್ಲ.

#ವಸಡು #ಬಾಯಿಯಚರಿತ್ರೆ #ಕನ್ನಡದಲ್ಲಿಇತಿಹಾಸ #ಹಲ್ಲಿದ್ದಾಗಲೇಕಡಲೆ